ಅಕ್ಕನ ಬೆನ್ನಿನ ಹೂಬಿಲ್ಲೆಗಳು

ಲೋಕವಿನ್ನೂ ಹಸಿಮಣ್ಣಾಗಿದ್ದ ಕಾಲ. ಏಳು ಕಡಲಿನಾಚೆ, ದಕ್ಷಿಣ ಅಮೆರಿಕದ ಹುಲ್ಲುಬಯಲಿನಲ್ಲಿ ಆರ್ಮಡಿಲ್ಲೊ ಎಂಬ ಬಿಲ ತೋಡುವ ಪ್ರಾಣಿಯ ಕುಲದ ಅಕ್ಕ ತಂಗಿ ಇದ್ದರು. ಅಕ್ಕ ಎತ್ತಿನಷ್ಟು ದೊಡ್ಡವಳು, ತಂಗಿ ಬೆಕ್ಕಿನಷ್ಟು ಚಿಕ್ಕವಳು. ಇಬ್ಬರಿಗೂ ಕೊಂಬಿಲ್ಲ, ಕೋರೆಯಿಲ್ಲ. ಬೆನ್ನೋ, ಬರೀ ಮೆತ್ತನೆಯ ತೊಗಲು. ಕೋರೆಹಲ್ಲಿನ ಹುಲಿಯನ್ನು ಕಂಡರೆ ಇಬ್ಬರಿಗೂ ಜೀವ ಬಾಯಿಗೆ ಬರುತ್ತಿತ್ತು.

ಹೊಳೆಯಮ್ಮನಿಗೆ ಕನಿಕರ ಹುಟ್ಟಿತು. ಮೂಳೆಯ ಬಿಲ್ಲೆಗಳನ್ನು ರಾಶಿ ರಾಶಿಯಾಗಿ ದಡಕ್ಕೆ ತಂದು ಹಾಕಿದಳು. "ನಿಮ್ಮ ಬೆನ್ನಿಗೆ ನಿಮ್ಮ ಕೈ ಎಟಕಲ್ಲ. ಒಬ್ಬರಿಗೊಬ್ಬರು ಜೋಡಿಸಿಕೊಳ್ಳಿ. ನಡುವಿನಲ್ಲಿ ಸಂದು ಬಿಡೋದು ಮರೀಬೇಡಿ, ಬಾಗೋಕೆ ಬೇಕು," ಎಂದಳು.

ಅಕ್ಕ ಮೊದಲು ತಂಗಿಗೆ ಜೋಡಿಸಿದಳು. ಹೆಗಲಿಗೆ ಒಂದು ಗಟ್ಟಿ ಚಿಪ್ಪು, ಸೊಂಟಕ್ಕೆ ಒಂದು ಗಟ್ಟಿ ಚಿಪ್ಪು. ನಡುವೆ ಪಟ್ಟಿ ಪಟ್ಟಿ, ಪಟ್ಟಿಗಳ ಸಂದಿನಲ್ಲಿ ಮೆತ್ತನೆಯ ತೊಗಲು.

"ಬಾಗು ನೋಡೋಣ."

ತಂಗಿ ಬಾಗಿದಳು.

ಆಮೇಲೆ ಅಕ್ಕನ ಸರದಿ. ಒಂದೊಂದು ಬಿಲ್ಲೆಯ ಮೇಲೂ ತಂಗಿ ಉಗುರಿನಿಂದ ಹೂ ಬರೆದಳು. ನಡುವಿಗೆ ಬಂದಾಗ ಅವಳಿಗೆ ಹುಲಿಯ ಹಲ್ಲು ನೆನಪಾಯಿತು.

"ಅಕ್ಕಾ, ಸಂದು ಬೇಡ. ಪೂರಾ ಮುಚ್ಚಿಬಿಡ್ತೀನಿ."

"ಹೊಳೆಯಮ್ಮ ಹೇಳಿದಳಲ್ಲೇ?"

"ನೀನು ಹೋದರೆ ನನಗ್ಯಾರಿದಾರೆ?"

ಅಕ್ಕ ಬೆನ್ನು ಒಡ್ಡಿದಳು. ತಂಗಿಯ ಮಾತು ತೆಗೆದುಹಾಕುವವಳೇ ಅಲ್ಲ ಅವಳು. ಅವಳ ಬೆನ್ನು ಬೋರಲು ಹಾಕಿದ ಕಡಾಯಿಯ ಹಾಗಾಯಿತು.

ಹುಲಿ ಬಂತು, ಕಚ್ಚಿತು, ಹಲ್ಲು ನೋಯಿಸಿಕೊಂಡು ಹೋಯಿತು. ತಂಗಿ ಕುಣಿದಾಡಿದಳು.

ಚಳಿಗಾಲದಲ್ಲಿ ಗಾಳಿ ಓಡಿಬಂದು ಹೇಳಿತು: "ಹಿಮ ತರ್ತಿದೀನಿ. ತಡೆಯೋಕೆ ನನ್ನ ಕೈಲಾಗಲ್ಲ. ಬೇಗ ಬಿಲ ಸೇರ್ಕೊಳ್ಳಿ."

ತಂಗಿ ಬೆನ್ನು ಬಾಗಿಸಿ ಬಿಲ ತೋಡಿದಳು. ಅಕ್ಕನಿಗಾಗಿ ಅದರ ಬಾಯಿ ಅಗಲ ಮಾಡಿದಳು. ಆದರೂ ಅಕ್ಕನಿಗೆ ಬಗ್ಗಿ ಒಳಗೆ ಬರಲಾಗಲಿಲ್ಲ. ತಂಗಿ ಅಳುತ್ತಾ ಬಿಲ್ಲೆಗಳನ್ನು ಕೀಳಲು ನೋಡಿದಳು. ಒಂದೂ ಕಿತ್ತು ಬರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಳು, ಪಾಪ.

"ನೀನು ಒಳಗೆ ಹೋಗು," ಎಂದಳು ಅಕ್ಕ. "ನಾನು ಬಾಗಿಲಿಗೆ ಅಡ್ಡ ನಿಂತಿರ್ತೀನಿ. ನಿನಗೆ ಚಳಿ ತಾಗೋದು ಬೇಡ."

ಹಿಮ ಕರಗಿದ ಮೇಲೆ ತಂಗಿ ಹೊರಬಂದಳು. ಬಾಗಿಲಲ್ಲಿ ಅಕ್ಕ ಇರಲಿಲ್ಲ. ಹೊಳೆಯಮ್ಮ ಅವಳಿಗೆ ಕೆಸರು ಹೊದಿಸಿ ಎಲ್ಲೋ ಮಲಗಿಸಿಬಿಟ್ಟಿದ್ದಳು.

"ಒಂದೇ ಒಂದು ಸಂದು ಬಿಟ್ಟಿದ್ದರೆ," ಎನ್ನುತ್ತಾ ತಂಗಿ ನೆಲ ಕೆದಕತೊಡಗಿದಳು.

ಅದಕ್ಕೇ ಪುಟ್ಟಿ, ಆರ್ಮಡಿಲ್ಲೊಗಳ ಬೆನ್ನಿನ ನಡುವಿನಲ್ಲಿ ಅಕ್ಕ ಬಿಟ್ಟ ಸಂದು ಇವತ್ತಿಗೂ ಇದೆ, ಅವು ನೆಲಕ್ಕೆ ಮೂಗಿಟ್ಟು ಮೂಸುತ್ತಾ ತೋಡುತ್ತಲೇ ಇರುತ್ತವೆ. ಆ ಕಡೆಯ ಹೊಳೆದಂಡೆ ಕುಸಿದಾಗ ಒಮ್ಮೊಮ್ಮೆ ಕಲ್ಲಾದ ಬಿಲ್ಲೆಗಳು ಸಿಗುತ್ತವೆ. ನೋಡಿದರೆ, ತಂಗಿ ಬರೆದ ಹೂ ಒಂದೂ ಅಳಿಸಿಲ್ಲ, ಅವಳು ಹಾಕಿದ ಬೆಸುಗೆ ಇನ್ನೂ ಬಿಟ್ಟಿಲ್ಲ.