ನಲವತ್ಮೂರು ಮೆಟ್ಟಿಲು ಇಟ್ಟ ಹೆಸರು

ಒಂದಾನೊಂದು ಊರಿನಲ್ಲಿ ಒಂದು ಹೊಳೆ ಇತ್ತು. ಯಾವ ಊರೆಂದು ಕೇಳಬೇಡಿ, ಹೇಳಿದರೆ ಉಳಿದ ಊರುಗಳು ಮುನಿಸಿಕೊಳ್ಳುತ್ತವೆ. ಹೊಳೆಯ ದಂಡೆಗೆ ಕಲ್ಲಿನ ಗೋಡೆ. ಗೋಡೆಯ ನಡುವೆ ನಲವತ್ಮೂರು ಮೆಟ್ಟಿಲು. ನಲವತ್ತೆರಡು ಎನ್ನುವವರು ನೀರಿನೊಳಗಿನದನ್ನು ಎಣಿಸಿಲ್ಲ.

ಆ ಊರಿನ ರಾಜ ತುಂತುರುರಾಯ ಒಂದು ಬೆಳಿಗ್ಗೆ ಪಲ್ಲಕ್ಕಿಯಲ್ಲಿ ಹೊಳೆ ನೋಡಲು ಬಂದ. ಏಳನೆಯ ಮೆಟ್ಟಿಲಿನಲ್ಲಿ ತಗ್ಗು ಕಂಡ.

"ಮಂತ್ರಿ, ಇಲ್ಲಿದ್ದ ಕಲ್ಲು ಎಲ್ಲಿ ಹೋಯಿತು?"

"ಸವೆದಿದೆ ಮಹಾಪ್ರಭು. ನಿಮ್ಮ ಮುತ್ತಜ್ಜ ಕಟ್ಟಿಸಿದಂದಿನಿಂದ ಹೆಂಗಸರು ಇಲ್ಲೇ ಹಿಮ್ಮಡಿ ಉಜ್ಜುತ್ತಾರೆ."

"ಅಂದರೆ ನಮ್ಮ ಮುತ್ತಜ್ಜನ ಕಲ್ಲು ಹಿಮ್ಮಡಿಗೆ ಅಂಟಿಕೊಂಡು ಅವರವರ ಮನೆಗೆ ಹೋಗಿದೆ!"

ರಾಜ ಅತ್ತ. ಅತ್ತು ಮುಗಿಸಿ ಡಂಗುರ ಸಾರಿಸಿದ. ಕಲ್ಲು ಹಿಂದಿರುಗುವ ತನಕ ಯಾರೂ ಮೆಟ್ಟಿಲು ಇಳಿಯುವಂತಿಲ್ಲ.

ಜನ ಗೋಡೆಯ ಮೇಲೆ ನಿಂತು ಹಗ್ಗ ಬಿಟ್ಟು ನೀರು ಸೇದಿಕೊಂಡರು. ಆದರೆ ಸಂಕವ್ವನ ಸೊಸೆ ಪಾರ್ವತೆವ್ವ ಬಾಣಂತಿ. ಅವಳು ಮೆಟ್ಟಿಲಿಳಿದು, ಅರಿಶಿನ ಕುಂಕುಮ ಹಚ್ಚಿ, ಗಂಗೆ ಪೂಜೆ ಮಾಡಬೇಕು. ಪೂಜೆಯಾದರೆ ತೊಟ್ಟಿಲು, ತೊಟ್ಟಿಲಾದರೆ ಹೆಸರು. ಪೂಜೆಯನ್ನು ಹಗ್ಗ ಬಿಟ್ಟು ಮಾಡಲಾದೀತೇ? ಕೂಸಿಗೆ ಹೆಸರೇ ಇಲ್ಲ. ಎಲ್ಲರೂ ಅದನ್ನು 'ಇದು' ಎನ್ನುತ್ತಿದ್ದರು.

ಸಂಕವ್ವ ಕೂಸನ್ನು ಎತ್ತಿಕೊಂಡು ರಾಜನ ಎದುರು ನಿಂತಳು.

"ನಿಮ್ಮ ಕಲ್ಲು ಕೊಡತೀನ್ರಿ ಯಪ್ಪಾ. ಮೊದಲ ನನ್ನ ಹಿಮ್ಮಡಿ ಕೊಡ್ರಿ."

"ನಿನ್ನ ಹಿಮ್ಮಡಿ ನಮ್ಮಲ್ಲೆಲ್ಲಿದೆ?"

"ಉಜ್ಜಿದಾಗ ಕಲ್ಲು ಒಂದಽ ಸವದೈತೇನು? ನನ್ನ ಕಾಲೂ ಸವದೈತಿ. ಅರವತ್ತು ವರ್ಷದ ಹಿಮ್ಮಡಿ ಆ ಏಳನೇ ಮೆಟ್ಟಲದಾಗ ಐತಿ."

ಮಂತ್ರಿ ಯೋಚಿಸಿದ. ಮಾತು ಸರಿಯಾಗಿತ್ತು. ಹಿಮ್ಮಡಿ ಕೊಡದೆ ಕಲ್ಲು ಕೇಳುವಂತಿಲ್ಲ, ಕಲ್ಲು ಕೊಡದೆ ಹಿಮ್ಮಡಿ ಕೇಳುವಂತಿಲ್ಲ. ಎಲ್ಲರೂ ಹೊಳೆಗೆ ಹೋಗಿ ಮೆಟ್ಟಿಲನ್ನೇ ಕೇಳಿದರು.

ಏಳನೆಯ ಮೆಟ್ಟಿಲು ಕೆಮ್ಮಿತು. "ನನ್ನ ಮೈಯಲ್ಲಿ ಸಂಕವ್ವನ ಮೈ ಇದೆ. ಹಾಗಾದರೆ ನಾನು ಅವಳ ಮಗಳು. ಅವಳ ಮಗನಿಗೆ ತಂಗಿ. ಈ ಕೂಸಿಗೆ ಸೋದರತ್ತೆ."

ಸಂಕವ್ವ ಕಣ್ಣೊರೆಸಿಕೊಂಡಳು. "ನನ್ನ ಮಗಗ ಬೆನ್ನಿಗೆ ಬಿದ್ದವರು ಯಾರೂ ಇಲ್ಲ, ಹೆಸರಿಡಾಕ ಅತ್ತಿ ಎಲ್ಲಿಂದ ತರಲಿ ಅಂತ ಚಿಂತಿ ಆಗಿತ್ತು. ನೀ ಇಷ್ಟು ದಿನ ಬಾಯಿ ಯಾಕ ಬಿಡಲಿಲ್ಲವ್ವಾ?"

"ಕೇಳಿದವರು ಯಾರು?"

ರಾಜ ಮುಂದೆ ಬಾಗಿದ. "ಮತ್ತೆ ನಾನು? ನಾನು ನಿನಗೆ ಏನಾಗಬೇಕು?"

"ನೀನು ಯಾವಾಗಲೂ ಪಲ್ಲಕ್ಕಿಯಲ್ಲಿ ಬಂದವನು. ಏನೂ ಆಗಬೇಕಿಲ್ಲ."

ರಾಜ ಪಲ್ಲಕ್ಕಿಯಿಂದ ಇಳಿದ, ಜೋಡು ಬಿಚ್ಚಿದ, ಏಳನೆಯ ಮೆಟ್ಟಿಲಿಗೆ ಹಿಮ್ಮಡಿ ಉಜ್ಜಿದ. ಕಚಗುಳಿಯಾಗಿ ಕಿಲಕಿಲ ನಕ್ಕ. "ಈಗ?"

"ಈಗ ನನ್ನ ಅಣ್ಣ. ಕೂಸಿಗೆ ದೊಡ್ಡಪ್ಪ. ಹೋಗು, ತೊಟ್ಟಿಲು ಹೊತ್ತುಕೊಂಡು ಬಾ."

ರಾಜ ತೊಟ್ಟಿಲು ಹೊತ್ತು ತಂದ. ಪಾರ್ವತೆವ್ವ ಮೆಟ್ಟಿಲಿಳಿದು ಗಂಗೆ ಪೂಜೆ ಮಾಡಿ, ಕೂಸನ್ನು ತೊಟ್ಟಿಲಿಗೆ ಹಾಕಿದಳು. ಆಗ ಉಳಿದ ನಲವತ್ತೆರಡು ಮೆಟ್ಟಿಲುಗಳು ಗಲಾಟೆ ಎಬ್ಬಿಸಿದವು.

"ನಮ್ಮನ್ನು ಯಾರೂ ತುಳಿದಿಲ್ಲವೇ? ನಾವು ಸವೆದಿಲ್ಲವೇ? ನಾವೂ ಅತ್ತೆಯರೇ!"

ಸರಿ, ಕೂಸನ್ನು ಒಂದೊಂದೇ ಮೆಟ್ಟಿಲ ಮೇಲೆ ಮಲಗಿಸಿದರು. ಒಂದೊಂದು ಮೆಟ್ಟಿಲೂ ಅದರ ಕಿವಿಯಲ್ಲಿ ಒಂದೊಂದು ಹೆಸರು ಉಸುರಿತು. ಹೆಸರಿಟ್ಟ ಅತ್ತೆಯ ಬೆನ್ನಿಗೆ ಗುದ್ದುವುದು ರೂಢಿಯಲ್ಲವೇ? ಹೆಂಗಸರು ನಲವತ್ಮೂರು ಬೆನ್ನಿಗೂ ಗುದ್ದಿದರು. ಅವರ ಕೈ ಹೋಳಿಗೆಯಂತೆ ಉಬ್ಬಿತು. ನೀರಿನೊಳಗಿನ ಅತ್ತೆಗೆ ಮಾತ್ರ ಕೂಸಿನ ಕಿವಿ ಎಟುಕಲಿಲ್ಲ, ಅವಳು ಗುಳ್ಳೆ ಬಿಟ್ಟು ಹೇಳಿದಳು.

ಗುದ್ದಿನ ಸದ್ದಿನಲ್ಲಿ ಹೆಸರು ಯಾರಿಗೂ ಕೇಳಲಿಲ್ಲ. ಗೊತ್ತಿದ್ದುದು ಕೂಸಿಗೆ ಮಾತ್ರ. ಅದಕ್ಕೆ ಮಾತು ಬರುವ ತನಕ ಊರೆಲ್ಲ ಕಾದಿತು. ರಾಜ ದಿನಾ ನಡೆದುಕೊಂಡೇ ಬಂದು ಕೇಳುತ್ತಿದ್ದ, "ಬಂತೇನವ್ವಾ ಮಾತು?"

ಎರಡು ವರ್ಷಕ್ಕೆ ಮಾತು ಬಂತು. ಕೂಸು ಗಂಗವ್ವ, ಸೋಮವ್ವ, ಶಿಲವ್ವ ಎಂದು ಶುರುಮಾಡಿ ನಲವತ್ಮೂರೂ ಹೆಸರನ್ನು ಒಪ್ಪಿಸಿತು. ಕೊನೆಯದು 'ಬುಳುಬುಳು'. ಪಾರ್ವತೆವ್ವ ಮಗಳನ್ನು ಅಪ್ಪಿಕೊಂಡು, ಒಂದನ್ನೂ ಬಿಡದೆ ಕರೆದಳು.

ನೀತಿ ಏನೆಂದರೆ, ಹೆಸರಿಡಲು ಒಬ್ಬಳೇ ಅತ್ತೆ ಸಾಕು. ಹೆಚ್ಚಾದರೆ ಮಗಳನ್ನು ಊಟಕ್ಕೆ ಕರೆದು ಮುಗಿಸುವಷ್ಟರಲ್ಲಿ ಅನ್ನ ಆರುತ್ತದೆ. ಅವರು ಅಲ್ಲಿ ನಗುತ್ತ ತಂಗಳುಣ್ಣಲಿ, ನೀವು ಏಳಿ, ಇಲ್ಲಿ ಬಿಸಿಯದು ಬಡಿಸಿದೆ.