ನಿದ್ರಾಹರ

ವೈದ್ಯದ ಓಲೆಯನ್ನು ನಕಲು ಮಾಡುತ್ತಿದ್ದ ಶಿಷ್ಯ ಅಡಿವೆಪ್ಪ ಲೇಖನಿ ಕೆಳಗಿಟ್ಟು ಕೇಳಿದ: “ಗುರುಗಳೇ, ಇಲ್ಲಿ ಮೆಣಸು, ಶುಂಠಿ, ಬಜೆ ಇವನ್ನೆಲ್ಲ ನಿದ್ರಾಹರ ಎಂದು ಕರೆದಿದ್ದಾರೆ. ನಿದ್ರೆಯನ್ನು ಹರಣ ಮಾಡಿ ಎಚ್ಚರ ಇಡುವಂಥದು ಎಂದು ಪದ ಬಿಡಿಸಿಕೊಂಡೆ. ಆದರೆ ಈ ಮಾತು ಹುಟ್ಟಿದ್ದು ಎಲ್ಲಿ?”

ಗುರುಗಳು ನಕ್ಕರು. “ಮಾತು ಸಂಸ್ಕೃತದಲ್ಲಿ ಹುಟ್ಟಿದ್ದು, ಅದು ನಿನಗೂ ಗೊತ್ತು. ಅದರ ಅರ್ಥ ನನಗೆ ಹುಟ್ಟಿದ ಕಡೆಯನ್ನು ಹೇಳುತ್ತೇನೆ, ಕೇಳು.”

ಒಬ್ಬ ರೈತ. ಹೊಲವೆಂದರೆ ಅವನಿಗೆ ಪ್ರಾಣ. ಪಕ್ಕದ ಹೊಲದವನೊಂದಿಗೆ ಮಾತಿರಲಿಲ್ಲ. ಬದುವಿನ ಹುಲ್ಲು ಯಾರದು ಎಂದು ಹತ್ತು ವರ್ಷದ ಹಿಂದೆ ಆದ ಜಗಳ. ಒಂದು ಬೆಳಿಗ್ಗೆ ಕಳೆ ಕೀಳುವಾಗ ರೈತನಿಗೆ ಹಾವು ಕಚ್ಚಿತು. ಮನೆಗೆ ಹೊತ್ತು ತಂದರು. ವೈದ್ಯ ಬಂದು ಮದ್ದು ಕೊಟ್ಟು, “ಹೊತ್ತು ಮುಳುಗುವ ತನಕ ಇವನು ನಿದ್ದೆ ಹೋಗಬಾರದು. ಹೋದರೆ ಮುಂದಿನದು ನನ್ನ ಕೈಯಲ್ಲಿಲ್ಲ” ಎಂದ.

ಮೆಣಸು ಅಗಿಸಿದರು. ಮುಖಕ್ಕೆ ತಣ್ಣೀರು ಎರಚಿದರು. ಕಿವಿಯ ಹತ್ತಿರ ಜಾಗಟೆ ಬಾರಿಸಿದರು. ಮಧ್ಯಾಹ್ನದ ಹೊತ್ತಿಗೆ ಯಾವುದೂ ನಾಟದಾಯಿತು. ಎಂದೂ ಗಂಡನ ಹೆಸರೆತ್ತದ ಹೆಂಡತಿ ಹೆಸರು ಹಿಡಿದೇ ಕೂಗಿದಳು. ಮಗಳು ಎದೆಯ ಮೇಲೆ ಬಿದ್ದು “ಅಪ್ಪಾ, ಅಪ್ಪಾ” ಎಂದು ಗೋಳಾಡಿದಳು. ರೈತನಿಗೆ ಎಲ್ಲವೂ ಕೇಳುತ್ತಿತ್ತು. ರೆಪ್ಪೆ ಎತ್ತಲು ಮನಸ್ಸಾಗಲಿಲ್ಲ.

ಆಗ ಪಕ್ಕದ ಹೊಲದವನು ಒಳಗೆ ಬಂದ. ಬಗ್ಗಿ, “ಲೋ, ನಿನ್ನ ಗಡಿಕಲ್ಲು ಕಿತ್ತು ಮೂರು ಮೊಳ ಒಳಗೆ ನೆಟ್ಟಿದ್ದೇನೆ. ನೀನು ಸಾಯಿ, ಉಳಿದದ್ದನ್ನೂ ಉಳುತ್ತೇನೆ” ಎಂದ.

ರೈತ ಕಣ್ಣು ಬಿಟ್ಟ. ಎದ್ದು ಕೂತ. ಹೊತ್ತು ಮುಳುಗುವ ತನಕ ಪಕ್ಕದವನ ಏಳು ತಲೆಮಾರನ್ನು ಜಾಲಾಡಿ ಬೈದ. ನಿದ್ದೆ ಹತ್ತಿರ ಸುಳಿಯಲಿಲ್ಲ. ಬದುಕಿದ.

ಮರುದಿನ ಹಾರೆ ಹೊತ್ತು ಹೊಲಕ್ಕೆ ಹೋದ. ಅಳೆದು ನೋಡಿದ. ಕಲ್ಲು ಅವನಪ್ಪ ನೆಟ್ಟಲ್ಲೇ ಇತ್ತು. ಬದುವಿನ ಆಚೆ ಪಕ್ಕದವನು ಕುಂಟೆ ಹೊಡೆಯುತ್ತಿದ್ದ.

“ಯಾಕೋ ಸುಳ್ಳು ಹೇಳಿದೆ?” ಎಂದು ರೈತ ಕೇಳಿದ.

“ಇನ್ನೇನು ಹೇಳಿದ್ದರೆ ನೀನು ಏಳುತ್ತಿದ್ದೆ, ನೀನೇ ಹೇಳು” ಎಂದು ಅವನು ಎತ್ತುಗಳನ್ನು ತಿರುಗಿಸಿಕೊಂಡು ಹೋದ.

ರೈತ ಹಾರೆಯನ್ನು ಗಡಿಕಲ್ಲಿಗೆ ಒರಗಿಸಿಟ್ಟ.

“ತಿಳಿಯಿತು ಗುರುಗಳೇ. ಮೆಣಸು, ಶುಂಠಿಗಿಂತ ದೊಡ್ಡ ನಿದ್ರಾಹರ ಸಿಟ್ಟು” ಎಂದು ಅಡಿವೆಪ್ಪ ಬರೆದುಕೊಳ್ಳಲು ಲೇಖನಿ ಎತ್ತಿದ.

ಗುರುಗಳು ಹೇಳಿದರು: “ಸಿಟ್ಟು ಆ ಗಡಿಕಲ್ಲಿನ ಹತ್ತಿರವೇ ಇಳಿದುಹೋಯಿತಪ್ಪ, ಆಮೇಲೆ ಬದುಕಿರುವ ತನಕ ಅವನನ್ನು ಮಲಗಗೊಡದೆ ಇದ್ದದ್ದು, ಕೇಳಿಯೂ ತಾನು ಕಣ್ಣು ಬಿಡದೆ ಹೋದ ಮಗಳ ಆ ಕೂಗು.”