ಬೊಳ್ಳವ್ವನ ಮನೆಯ ಗೇಜು

ನಮ್ಮ ಮನೆತನ ಇಂದು ನಿನ್ನೆಯದಲ್ಲ. ಆರು ತಲೆಮಾರಿನಿಂದ ಈ ನಾಡಿನಲ್ಲಿ ನಮ್ಮ ಮಾತಿಗೂ ನಮ್ಮ ಕೋವಿಗೂ ಬೆಲೆಯಿದೆ. ನನ್ನ ಮಾವನವರು ಸುಬೇದಾರರಾಗಿದ್ದವರು. ನಾನು ಮಡಿಕೇರಿಯ ಕಾನ್ವೆಂಟಿನಲ್ಲಿ ಓದಿದವಳು. ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ, ತೆಗೆದ ವಸ್ತುವನ್ನು ತೆಗೆದಲ್ಲೇ ಇಡುವುದನ್ನೂ ಅಲ್ಲಿ ಕಲಿತೆ. ಇಂಥ ಮನೆಯಲ್ಲಿ ಪೂವಯ್ಯ ಹುಟ್ಟಿದ.

ಪೂವಯ್ಯ ನನ್ನ ಮೈದುನನ ಮಗ. ಮೈದುನ ತೀರಿಹೋದ ಮೇಲೆ ಮನೆಗೆ ಇವನೊಬ್ಬನೇ ಗಂಡಸು. ಇಪ್ಪತ್ತೆಂಟು ವರ್ಷ, ಆರಡಿ ಎತ್ತರ. ಹೇಳಿದ್ದನ್ನು ಮಾಡುತ್ತಾನೆ. ಹೇಳಿದ್ದನ್ನೇ ಮಾಡುತ್ತಾನೆ. ಹೇಳಿದಷ್ಟನ್ನೇ ಮಾಡುತ್ತಾನೆ.

"ಇವನನ್ನು ಏನು ಮಾಡಲಿ ಅಕ್ಕ?" ಎಂದು ಅವನ ತಾಯಿ ಚೋಂದವ್ವ ದಿನಕ್ಕೊಮ್ಮೆ ನನ್ನ ಮುಂದೆ ಹಣೆ ಚಚ್ಚಿಕೊಳ್ಳುತ್ತಾಳೆ.

"ಹೇಳುವ ಮೊದಲು ಯೋಚಿಸು" ಎಂದು ದಿನಕ್ಕೊಮ್ಮೆ ನಾನೂ ಹೇಳುತ್ತೇನೆ. ಅವಳು ಯೋಚಿಸುವುದಿಲ್ಲ.

ಚೋಂದವ್ವನ ಮಗಳು ದೇಚು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಗು ಹುಟ್ಟಿದ ಸುದ್ದಿಯನ್ನು ನಾವು ಗುಂಡು ಹಾರಿಸಿ ನಾಡಿಗೆ ತಿಳಿಸುತ್ತೇವೆ. ಗಂಡಾದರೆ ಮಾತ್ರ ಎಂದು ಕೆಲವರ ಲೆಕ್ಕ. ನಮ್ಮ ಮನೆಯಲ್ಲಿ ಹೆಣ್ಣಾದರೂ ಸರಿ. ಆದರೆ ಮನೆಯ ರೈಫಲಿನ ನಳಿಗೆ ಒಳಗೆಲ್ಲ ತುಕ್ಕು ತಿಂದಿತ್ತು. ಹೊಸ ನಳಿಗೆ ತರಿಸಿದ್ದಾಯಿತು. ಕೋವಿ ರಿಪೇರಿಯ ವಾಸು ಆಚಾರಿ ಬಂದು ನೋಡಿದ.

"ನಳಿಗೆ ಕೂರಿಸಬಹುದು ಅಮ್ಮ, ಗೇಜು ಬೇಕು" ಎಂದ. "ಹೆಡ್‌ಸ್ಪೇಸ್ ಗೇಜು. ನಳಿಗೆ ಸರಿಯಾಗಿ ಕೂತಿದೆಯೇ ಎಂದು ಅಳೆಯುವುದು. ಗುಂಡಿನ ತೋಟೆಯ ಹಾಗೇ ಕಾಣುವ ಎರಡು ಉಕ್ಕಿನ ತುಂಡು. ಒಂದನ್ನು ಒಳಗಿಟ್ಟರೆ ಕೋವಿಯ ಹಿಂಬದಿಯ ಬೋಲ್ಟ್ ಮುಚ್ಚಬೇಕು. ಇನ್ನೊಂದನ್ನು ಇಟ್ಟರೆ ಮುಚ್ಚಬಾರದು. ಹಾಗಿದ್ದರೆ ಮಾತ್ರ ಹಾರಿಸಬಹುದು. ಇಲ್ಲದಿದ್ದರೆ ಕೋವಿ ಹಾರಿಸಿದವನ ಮುಖಕ್ಕೇ ಬಂದೀತು. ನನ್ನ ಹತ್ತಿರ ಈ ಅಳತೆಯದು ಇಲ್ಲ."

"ಕೊಂಡುಕೊಳ್ಳೋಣ" ಎಂದೆ.

"ಜನ್ಮಕ್ಕೊಮ್ಮೆ ಬೇಕಾಗುವ ವಸ್ತು ಅಕ್ಕ!" ಎಂದಳು ಚೋಂದವ್ವ. "ಆಮೇಲೆ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಮೇಲಿನ ಮನೆಯ ಬೊಳ್ಳವ್ವನ ಹತ್ತಿರ ಇದೆ. ಕೇಳಿದರಾಯಿತು."

"ಈ ಮನೆಯವರು ಕೊಟ್ಟು ಗೊತ್ತು, ಕೇಳಿ ಗೊತ್ತಿಲ್ಲ."

"ಹೆರಿಗೆಗೆ ಹನ್ನೆರಡು ದಿನ ಇದೆ. ಪಾರ್ಸೆಲ್ ಬರದಿದ್ದರೆ?"

ಚೋಂದವ್ವ ಮಗನನ್ನು ಕರೆದಳು.

"ಬೊಳ್ಳವ್ವನ ಮನೆಗೆ ಹೋಗಿ ಗೇಜು ತಾ. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊ. ಯಾರು ಕೇಳಿದರೂ ಕೈ ಬಿಚ್ಚಬೇಡ!"

"ಆಯಿತು ಅವ್ವ" ಎಂದ. ಹೋದ. ತಂದ. ಮುಷ್ಟಿ ಬಿಗಿಹಿಡಿದು ಅಂಗಳದಲ್ಲಿ ನಿಂತ.

"ಕೊಡು" ಎಂದ ಆಚಾರಿ.

"ಕೊಡುವುದಿಲ್ಲ."

"ಕೊಡೋ!" ಎಂದಳು ಚೋಂದವ್ವ.

"ಯಾರು ಕೇಳಿದರೂ ಬಿಚ್ಚಬೇಡ ಅಂದಿದ್ದೀಯ ಅವ್ವ."

ಊಟ ಬಿಟ್ಟ, ಕಾಫಿ ಬಿಟ್ಟ. ಮುಷ್ಟಿ ಬಿಡಲಿಲ್ಲ. ಸಂಜೆ ನಿದ್ದೆ ಹತ್ತಿದ ಮೇಲೆ ಒಂದೊಂದೇ ಬೆರಳು ಬಿಡಿಸಿ ತೆಗೆದೆವು. ಗೇಜು ಬೆವರಿನಲ್ಲಿ ತೊಯ್ದಿತ್ತು.

"ಪೆದ್ದ!" ಎಂದು ಆಚಾರಿ ಅವನನ್ನು ಎಬ್ಬಿಸಿಯೇ ಬೈದ. "ಇಂಥದ್ದನ್ನು ಕೈಯಲ್ಲಿ ಹಿಡಿಯುತ್ತಾರಾ? ಕೋವಿಯ ಎಣ್ಣೆ ಹಚ್ಚಬೇಕು, ಚಿಂದಿಯಲ್ಲಿ ಸುತ್ತಬೇಕು, ಡಬ್ಬಿಯಲ್ಲಿ ಹಾಕಿ ತರಬೇಕು. ತಿಳಿಯಿತಾ?"

"ತಿಳಿಯಿತು."

ಹಳೆಯ ನಳಿಗೆ ಬಿಚ್ಚಲು ಆಚಾರಿಗೆ ಮೂರು ದಿನ ಬೇಕಿತ್ತು. ಆ ನಡುವೆ ದರ್ಜಿಯಿಂದ ತೊಟ್ಟಿಲ ಬಟ್ಟೆ ತರಬೇಕಾಯಿತು. ಬಿಳಿ ಮಲ್ ಬಟ್ಟೆ, ಅಂಚಿಗೆ ನಾನೇ ಆರಿಸಿದ ಲೇಸು. ಪೂವಯ್ಯ ಹೋದ. ತಂದ. ಬಿಸ್ಕತ್ತಿನ ಡಬ್ಬಿ ನನ್ನ ಮುಂದಿಟ್ಟ. ಮುಚ್ಚಳ ತೆಗೆದೆ. ಒಳಗೆ ಚಿಂದಿ. ಚಿಂದಿಯೊಳಗೆ ತೊಟ್ಟಿಲ ಬಟ್ಟೆ, ಕೋವಿಯ ಎಣ್ಣೆಯಲ್ಲಿ ಮುಳುಗಿ ಕಪ್ಪಾಗಿತ್ತು.

"ಒಂದು ಮೂಲೆಯನ್ನೂ ಬಿಡದೆ ಹಚ್ಚಿದ್ದೇನೆ ದೊಡ್ಡವ್ವ!" ಎಂದ.

ನಾನು ಮುಚ್ಚಳವನ್ನು ಮತ್ತೆ ಮುಚ್ಚಿದೆ. ಚೋಂದವ್ವ ಹೇಳಿದಳು. "ಅಯ್ಯೋ ಮಡ್ಡಿ! ಎಣ್ಣೆ ಹಚ್ಚುತ್ತಾರೇನೋ? ರಾತ್ರಿಯೆಲ್ಲ ಸೋಪಿನ ನೀರಲ್ಲಿ ನೆನೆಸಬೇಕು, ಬೆಳಿಗ್ಗೆ ಕಲ್ಲಿಗೆ ಬಡಿಯಬೇಕು, ತಂತಿಯ ಮೇಲೆ ಬಿಸಿಲಿಗೆ ಹಾಕಬೇಕು! ತಿಳಿಯಿತಾ?"

"ತಿಳಿಯಿತು ಅವ್ವ."

ಮರುದಿನ ಅವಳೇ ಹೇಳಿದಳು: "ನಾಳೆ ಆಚಾರಿ ಬರುತ್ತಾನೆ. ಗೇಜು ಚೊಕ್ಕ ಮಾಡಿಡು."

ಬೆಳಿಗ್ಗೆ ಹಿತ್ತಲಿನಿಂದ ಟಣ್ ಟಣ್ ಎಂದು ಸದ್ದು. ಬಟ್ಟೆ ಒಗೆಯುವ ಕಲ್ಲು ಹಾಗೆ ಸದ್ದು ಮಾಡುವುದಿಲ್ಲವಲ್ಲ ಎಂದುಕೊಂಡು ನಾನು ಇಳಿದು ಹೋಗುವಷ್ಟರಲ್ಲಿ ಬಡಿದು ಮುಗಿದಿತ್ತು. ಬೊಳ್ಳವ್ವನ ಎರಡು ಗೇಜುಗಳೂ ಕ್ಲಿಪ್ಪು ಹಾಕಿಸಿಕೊಂಡು ತಂತಿಯ ಮೇಲೆ ತೂಗುತ್ತಿದ್ದವು.

ಆಚಾರಿ ಬಂದ. ಒಂದನ್ನು ಒಳಗಿಟ್ಟ. ಮುಚ್ಚಬೇಕಾದ ಬೋಲ್ಟ್ ಮುಚ್ಚಲಿಲ್ಲ. ಇನ್ನೊಂದನ್ನು ಇಟ್ಟ. ಮುಚ್ಚಬಾರದ ಬೋಲ್ಟ್ ಮುಚ್ಚಿತು. ಗೇಜನ್ನು ಕಣ್ಣ ಹತ್ತಿರ ಹಿಡಿದು ನೋಡಿದ. ಮೇಲೆಲ್ಲ ತುಕ್ಕು, ಮೂತಿಯೆಲ್ಲ ಜಜ್ಜಿಹೋಗಿತ್ತು.

"ಒಗೆದೆಯಾ!" ಎಂದು ಕೂಗಿದ. "ಬಡಿದ ಮೇಲಾದರೂ ಇಟ್ಟು ನೋಡಬಾರದಾ? ಕೋವಿಯ ಕೆಲಸದಲ್ಲಿ ಒಂದು ಸಲಕ್ಕೆ ಯಾವುದನ್ನೂ ನಂಬಬಾರದು! ಒಂದು ಸಲ ಸರಿಯಾಯಿತಾ, ತಕ್ಷಣ ಇನ್ನೊಂದು ಸಲ ಮಾಡಿ ನೋಡಬೇಕು. ತಿಳಿಯಿತಾ?"

"ತಿಳಿಯಿತು."

ಬೇರೆಯವರ ವಸ್ತು ನಮ್ಮ ಮನೆಯಲ್ಲಿ ಹಾಳಾಯಿತು. ಹೀಗೆ ಹಿಂದೆಂದೂ ಆಗಿರಲಿಲ್ಲ. ಅಂದೇ ನಾನು ಬೆಂಗಳೂರಿನ ಕೋವಿ ಅಂಗಡಿಗೆ ಫೋನ್ ಮಾಡಿ ಎರಡು ಜೊತೆ ತರಿಸಿದೆ. ಒಂದು ನಮಗೆ, ಒಂದು ಬೊಳ್ಳವ್ವನಿಗೆ. ಮೊದಲ ದಿನವೇ ಕೊಂಡಿದ್ದರೆ ಒಂದೇ ಜೊತೆ ಸಾಕಿತ್ತು. ಚೋಂದವ್ವನಿಗೆ ಇದನ್ನು ಹೇಳಿದೆ. ಅವಳು ಒಲೆಯ ಕಡೆ ತಿರುಗಿದಳು.

ಪಾರ್ಸೆಲ್ ಹನ್ನೊಂದನೆಯ ದಿನ ಬಂತು. ಆಚಾರಿ ಅಳೆದ. ಮುಚ್ಚಬೇಕಾದದ್ದು ಮುಚ್ಚಿತು, ಮುಚ್ಚಬಾರದ್ದು ಮುಚ್ಚಲಿಲ್ಲ. ಮರುದಿನ ಮಧ್ಯಾಹ್ನ ಆಸ್ಪತ್ರೆಯಿಂದ ದೇಚುವಿನ ಗಂಡ ಫೋನ್ ಮಾಡಿದ. ಹೆಣ್ಣು ಮಗು, ಇಬ್ಬರೂ ಕ್ಷೇಮ.

"ಹಾರಿಸೋ ಪೂವಯ್ಯ, ಹಾರಿಸು!" ಎಂದು ಚೋಂದವ್ವ ಕುಣಿದಳು. ಒಂದು ತೋಟೆ ಕೊಡಬೇಕಾದವಳು ಪೆಟ್ಟಿಗೆಯನ್ನೇ ಕೊಟ್ಟಳು.

ಪೂವಯ್ಯ ಅಂಗಳದಲ್ಲಿ ನಿಂತು ಆಕಾಶಕ್ಕೆ ಹಾರಿಸಿದ. ಢಂ! ಹೊಸ ನಳಿಗೆ ಗಂಟೆಯ ಹಾಗೆ ಮೊಳಗಿತು.

"ಸರಿಯಾಯಿತು!" ಎಂದ. ಇನ್ನೊಂದು ತೋಟೆ ತುಂಬಿದ. "ಬೇಡವೋ!" ಎಂದು ಚೋಂದವ್ವ ಓಡುವಷ್ಟರಲ್ಲಿ, ಢಂ!

ಒಂದು ಗುಂಡು ಹುಟ್ಟಿಗೆ. ಸಾವಿಗೆ ಎರಡು. ನಾಡಿಗೆ ನಾಡೇ ತಿಳಿದ ಮಾತು ಇದು. ಎರಡು ಕೇಳಿದರೆ ಯಾರೂ ಯಾರನ್ನೂ ವಿಚಾರಿಸುವುದಿಲ್ಲ; ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಸತ್ತವರು ಯಾರು ಎಂಬ ಪ್ರಶ್ನೆಯೂ ಬರಲಿಲ್ಲ. ಮನೆಗೆ ಹಿರಿಯಳು ನಾನು, ಎಪ್ಪತ್ತೊಂಬತ್ತು.

ನಾನು ಜಗಲಿಯ ಆರಾಮಕುರ್ಚಿಯಲ್ಲಿ, ಬಿಸಿಲಿಗೆಂದು ಮುಖದ ಮೇಲೆ ಕರವಸ್ತ್ರ ಹಾಕಿಕೊಂಡು ಒರಗಿದ್ದೆ. ಎಲ್ಲರಿಗಿಂತ ಮೊದಲು ಬೊಳ್ಳವ್ವ ಬಂದಳು. ನನ್ನ ಕಾಲು ಮುಟ್ಟಿದಳು. ಜೋರಾಗಿ ಎರಡು ಸಲ ಅತ್ತಳು. ಆಮೇಲೆ ತನ್ನ ಜೊತೆ ಬಂದಿದ್ದವಳಿಗೆ, ಅಳು ನಿಲ್ಲಿಸಿ, ಸ್ಪಷ್ಟವಾಗಿ ಹೇಳಿದಳು:

"ಜಂಬಕ್ಕೇನೂ ಕಡಿಮೆ ಇರಲಿಲ್ಲ. ನಮ್ಮ ಗೇಜು ತೆಗೆದುಕೊಂಡವಳು ವಾಪಸು ಕೊಡದೆಯೇ ಹೋದಳು ನೋಡು."

ನಾನು ಕರವಸ್ತ್ರ ತೆಗೆದೆ. "ಮೇಜಿನ ಮೇಲಿದೆ. ಹೊಸದು. ತೆಗೆದುಕೊಂಡು ಹೋಗು" ಎಂದೆ.

ಬೊಳ್ಳವ್ವ ಕಿರುಚಿ ಮೆಟ್ಟಿಲಿನಿಂದ ಬಿದ್ದಳು. ಪೆಟ್ಟೇನೂ ಆಗಲಿಲ್ಲ. ಗೇಜು ತೆಗೆದುಕೊಳ್ಳುವುದನ್ನು ಮರೆಯಲಿಲ್ಲ.

ಈಗ ಅವಳು ಎಲ್ಲರೆದುರು ಈ ಕತೆ ಹೇಳಿ ನಗಿಸುತ್ತಿದ್ದಾಳೆ. ನಗಲಿ. ಪೂವಯ್ಯ ಪೆದ್ದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾನು ಯಾರ ವಸ್ತುವನ್ನೂ ಉಳಿಸಿಕೊಂಡವಳಲ್ಲ, ಸತ್ತವಳೂ ಅಲ್ಲ. ಬೊಳ್ಳವ್ವ ನಮ್ಮ ಮನೆಗೆ ಬಂದು, ಅದೇ ಜಗಲಿಯಲ್ಲಿ ನಿಂತು, ನನ್ನ ಕ್ಷಮೆ ಕೇಳಬೇಕು.